ಪರಾತದಲ್ಲಿ ಸೂರ್ಯನನ್ನು ಹಿಡಿದ ನನ್ನ ಮೈದುನ

ಸೂರ್ಯನಾರಾಯಣನನ್ನೇ ರೊಟ್ಟಿ ಹಿಟ್ಟು ನಾದುವ ಪರಾತದಲ್ಲಿ ಹಿಡಿದು ಕೆಲಸಕ್ಕೆ ಹಚ್ಚಿದವನು ನನ್ನ ಮೈದುನ ಎಂದರೆ ನೀವು ನಂಬಲಿಕ್ಕಿಲ್ಲ. ಅದರಿಂದ ಒಂದು ಪಿಕ್ಚರ್ ಆದೀತೆಂದು ನಾನೂ ನಂಬಿರಲಿಲ್ಲ. ದೇವರ ಮುಂದೆ ಕೂತು ಹೂಬತ್ತಿ ಹೊಸೆಯುತ್ತಿದ್ದ ನನಗೆ ಆ ಬೆಳಿಗ್ಗೆ ಹಾಲಿನವಳು ಬಂದು ಸುದ್ದಿ ಹೇಳುವವರೆಗೂ!

"ವೈನೀ, ನಿಮ್ಮ ಮೈದುನನ ಪಿಕ್ಚರಿಗೆ ಜನ ಚಪ್ಪಲಿ ಹೊರಗ ಬಿಟ್ಟು ಹೋಗ್ತಾರ! ಪಡದೆ ಮ್ಯಾಲೆ ಕೃಷ್ಣ ಬಂದಕೂಡಲೆ ಕಾಯಿ ಒಡೀತಾರ!"

ಬತ್ತಿ ಕೈಯಿಂದ ಜಾರಿತು. ಪುಣ್ಯಕ್ಕೆ ಉರಿಯುವ ದೀಪ ದೂರ ಇತ್ತು.

ಧಾರವಾಡದಿಂದ ನಾವು ಪುಣೆಗೆ ಬಂದದ್ದು ಯಜಮಾನರ ನೌಕರಿಗಾಗಿ. ಅವರ ತಮ್ಮ ಬಂದದ್ದು ಓದಲಿಕ್ಕೆ. ಓದು ಎಲ್ಲಿ ಬಿತ್ತೋ, ಹುಡುಗ ಸಿನಿಮಾ ತೆಗೆಯುವವನಾದ! ನಮ್ಮತ್ತೆ ಒಂದೇ ಮಾತು ಹೇಳಿದರು: "ಮಾರಿಗೆ ಬಣ್ಣ ಬಳಕೊಳ್ಳೋ ಮಂದಿ ಜೋಡಿ ಇರೋತನಕ ನನ್ನ ಅಡಿಗಿಮನಿ ಹೊಸ್ತಿಲಾ ದಾಟಬ್ಯಾಡ." ಅಂದಿನಿಂದ ಅವನ ಊಟದ ತಾಟು ಪಡಸಾಲೆಗೆ ಹೋಯಿತು.

ಅಲ್ಲಿಂದಲೇ ಅವನು ಎರಡೂ ಕೈಬೆರಳು ಜೋಡಿಸಿ ಚೌಕಟ್ಟು ಮಾಡಿ ಒಳಗೆ ಇಣುಕುತ್ತಿದ್ದ. "ವೈನಿ, ಇನ್ನೊಮ್ಮೆ ರೊಟ್ಟಿ ಬಡೀರಿ, ಬೆಳಕು ಭಾಳ ಛಲೋ ಅದ!"

"ಬೆಳಕು ಛಲೋ ಅದ, ರೊಟ್ಟಿ ಹೊತ್ತತದಲ್ಲೋ!"

ಮಾತಿಲ್ಲದ ಚಿತ್ರಗಳ ಕಾಲ ಅದು. ಚಿತ್ರ ತೆಗೆಯಲು ಬಿಸಿಲೇ ಬೇಕು. ಊರೆಲ್ಲ ಮಳೆ ಬರಲೆಂದು ಬೇಡುವಾಗ ಇವನೊಬ್ಬ ಮಳೆ ಬೇಡವೆಂದು ಬೇಡುತ್ತಿದ್ದ! ನಾನೂ ಅದೇ ದೇವರಿಗೆ, ಬಾವಿ ತುಂಬಲಪ್ಪಾ, ಎಂದು ಕೈಮುಗಿಯುತ್ತಿದ್ದೆ. ಪಾಪ, ದೇವರು ಯಾರ ಮಾತು ಕೇಳಬೇಕು? ಒಂದು ದಿನ ಮೋಡ ಕವಿಯಿತು. ನನ್ನ ಹಿತ್ತಾಳೆಯ ಪರಾತ ಮಾಯವಾಯಿತು! ಮೈದುನ ಅದನ್ನೊಯ್ದು ಹುಣಸೆಹಣ್ಣು ಹಚ್ಚಿ ಫಳಫಳ ಬೆಳಗಿ, ಮೋಡದ ಸಂದಿಯಿಂದ ಬಂದ ಒಂದಿಷ್ಟು ಬಿಸಿಲನ್ನು ಅದರಿಂದ ತನ್ನ ಚಿತ್ರದ ಯಶೋದೆಯ ಮುಖಕ್ಕೆ ಬೀಳಿಸಿದನಂತೆ. ಸೊಟ್ಟಗಾಗದೆ ಮನೆಗೆ ಬಂತಲ್ಲ, ನನಗೆ ಅಷ್ಟು ಸಾಕಾಯಿತು. ಅಷ್ಟು ಲಕಲಕ ನಾನೂ ಎಂದೂ ಬೆಳಗಿರಲಿಲ್ಲ!

ಯಶೋದೆಯೆಂದರೆ ಹೆಣ್ಣಲ್ಲ ಮತ್ತೆ. ಆಗ ಹೆಂಗಸರು ಎಲ್ಲಿ ಬರುತ್ತಿದ್ದರು? ನಾಟಕದವನೊಬ್ಬ, ತಾಲೀಮು ಮಾಡಿದ ದೇಹ. ಅವನಿಗೆ ರೊಟ್ಟಿ ಬಡಿಯುವುದು ಕಲಿಸಬೇಕೆಂದು ಮೈದುನ ಒಮ್ಮೆ ಹಿತ್ತಲಿಗೇ ಕರೆತಂದ.

"ಗೋಕುಲದಾಗ ಜ್ವಾಳದ ರೊಟ್ಟಿ ಎಲ್ಲಿಂದ ಬಂತೋ?" ಎಂದೆ.

"ಯಶೋದಾ ತಾಯಿ ಹೌದಲ್ರಿ, ವೈನಿ? ತಾಯಿ ಇದ್ದಲ್ಲಿ ರೊಟ್ಟಿ ಇರಬೇಕು."

ಆ ಪೈಲ್ವಾನ ಯಶೋದೆ ಹಿಟ್ಟಿಗೆ ಗುದ್ದು ಹಾಕುವುದನ್ನು ನೋಡಿ ಅತ್ತೆಗೆ ತಡೆಯಲಾಗಲಿಲ್ಲ. ಹೊಸ್ತಿಲೊಳಗೆ ನಿಂತೇ ಗದರಿದರು: "ಏ ತಮ್ಮಾ, ಕುಸ್ತಿ ಅಲ್ಲ ಅದು! ಅಂಗೈ ಹಗುರ ಬಿಡು, ತಿರುಗಿಸು... ಹಾಂ!" ಆಮೇಲೆ ತಮ್ಮ ಸಿಟ್ಟು ನೆನಪಾಗಿ ಮುಖ ತಿರುಗಿಸಿ ಒಳಗೆ ಹೋದರು.

ಅಂಥ ಚಿತ್ರಕ್ಕೆ ಈಗ ಊರೇ ಕಾಯಿ ಒಡೆಯುತ್ತಿದೆ! ಹಾಲಿನವಳ ಮಾತು ಅತ್ತೆಯ ಕಿವಿಗೂ ಬಿದ್ದಿತ್ತು. ಮಧ್ಯಾಹ್ನ ಮಡಿಸೀರೆ ಬದಲಿಸಿ ಬಂದರು. "ದೇವರ ದರ್ಶನಕ್ಕ ಹೊಂಟೀನಿ. ಅವನ ಪಿಕ್ಚರಿಗಲ್ಲ, ತಿಳೀತಿಲ್ಲ?"

ತಿಳಿಯದೇನು!

ನಾನೂ ಜೊತೆಗೆ ಹೋದೆ. ಥೇಟರಿನಲ್ಲಿ ಹೆಂಗಸರ ಕಡೆ ಕಾಲಿಡಲು ಜಾಗವಿರಲಿಲ್ಲ. ಪರದೆಯ ಮೇಲೆ ಯಶೋದೆ ಚೆಂದಾಗಿ ರೊಟ್ಟಿ ಬಡಿದಳು. ಅತ್ತೆ ಹೆಮ್ಮೆಯಿಂದ ಸುತ್ತ ನೋಡಿದರು. ಆಮೇಲೆ ಯಶೋದೆ ರೊಟ್ಟಿಯ ಚೂರು ಮುರಿದು, ಬಿಸಿ ಎಷ್ಟಿದೆಯೆಂದು ತನ್ನ ಕೆನ್ನೆಗೆ ಮುಟ್ಟಿಸಿ ನೋಡಿ, ಕೃಷ್ಣನ ಬಾಯಿಗಿಟ್ಟಳು.

ಅತ್ತೆ ನನ್ನ ಕೈ ಹಿಡಿದರು. "ಇದನ್ನ ನಾ ಅವಗ ಕಲಿಸಿಲ್ಲ."

"ನಿಮ್ಮ ಮಗ ಕಲಿಸ್ಯಾನ್ರಿ. ಸಣ್ಣವಿದ್ದಾಗ ನೀವು ಹಿಂಗ ಉಣಿಸಿದ್ದು ಮರತಿಲ್ಲ."

ಸುತ್ತಲೂ ಜನ ಕೃಷ್ಣನಿಗೆ ಜೈಕಾರ ಹಾಕಿದರು. ತಿರುಗಿ ನೋಡಿದೆ. ಹಿಂದಿನ ಬಾಗಿಲ ಬಳಿ ನಿಂತಿದ್ದ ಮೈದುನ ಪರದೆ ನೋಡುತ್ತಲೇ ಇರಲಿಲ್ಲ, ತನ್ನ ತಾಯಿಯನ್ನು ನೋಡುತ್ತಿದ್ದ.

ಸಂಜೆ ಅವನು ಎಂದಿನಂತೆ ಪಡಸಾಲೆಯಲ್ಲಿ ಕೂತ. ಒಳಗಿನಿಂದ ದನಿ ಬಂತು: "ಅಲ್ಲ್ಯಾಕ ಕುಂತಿ? ರೊಟ್ಟಿ ಆರತಾವ. ಕಾಲು ತೊಳಕೊಂಡು ಒಳಗ ಬಾ."

ಅವನು ಹೊಸ್ತಿಲು ದಾಟಿ ಬಂದು ಕೂತ. ಅತ್ತೆ ರೊಟ್ಟಿಯ ಚೂರು ಮುರಿದು ತಮ್ಮ ಕೆನ್ನೆಗೆ ಮುಟ್ಟಿಸಿದರು. ಚೌಕಟ್ಟು ಮಾಡಲು ಎತ್ತಿದ ಅವನ ಕೈಗಳು ಅರ್ಧಕ್ಕೇ ನಿಂತು, ಕಣ್ಣು ಒರೆಸಿಕೊಂಡವು.

ನಾನು ಪರಾತ ಎಳೆದುಕೊಂಡು ಇನ್ನೆರಡು ಹಿಡಿ ಹಿಟ್ಟು ಸುರಿದು ನಾದತೊಡಗಿದೆ.