ಲಾರೆನ್ಸರ ಈಜುಕೊಳದ ನೀರು ಎಲ್ಲಿಗೆ ಹೋಗಬೇಕು?

ನಾನು ಹುಟ್ಟಾ ಪುಕ್ಕಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹುಲಿ, ಹಾವುಗಳ ಭಯವಲ್ಲ. ಕಾಪುವಿನ ಕಡಲಿಗೆ ಮೊಣಕಾಲಿನವರೆಗೆ ಇಳಿಯುವ ಧೈರ್ಯವೂ ನನಗೆ ಇದೆ. ನನ್ನ ಹೆದರಿಕೆ ಏನಿದ್ದರೂ ಮನುಷ್ಯರು ಬಳಸಿ ಬಿಟ್ಟ ನೀರಿನದು. ಉಡುಪಿಯ ಕಂತ್ರಾಟುದಾರರೊಬ್ಬರಲ್ಲಿ ಓವರ್‌ಸಿಯರ್ ಆಗಿದ್ದಾಗ ಬಚ್ಚಲು, ಚರಂಡಿ, ಗುಂಡಿಗಳೆಲ್ಲ ನನ್ನ ಪಾಲಿಗೆ ಬರುತ್ತಿದ್ದವು. ಮನೆಯೊಳಗೆ ನೀರು ತಂದುಕೊಟ್ಟವನನ್ನು ಜನ ಕೂರಿಸಿ ಕಾಫಿ ಕೊಡುತ್ತಾರೆ. ಹೊರಗೆ ಕಳಿಸಿದವನ ನೆನಪಾಗುವುದು ನಾತ ಬಂದಾಗ ಮಾತ್ರ. ಒಮ್ಮೆ ನಾನು ಹಾಕಿಸಿದ ಚರಂಡಿಯೊಂದು ಹಿಮ್ಮುಖವಾಗಿ ಹರಿದು ಪಕ್ಕದ ಜವಳಿ ಅಂಗಡಿಗೆ ನುಗ್ಗಿತ್ತು. ಮದುವೆ ಸೀರೆ ಆರಿಸುತ್ತಿದ್ದ ಹೆಂಗಸರು ಬೆಂಚಿನ ಮೇಲೆ ಹತ್ತಿ ನಿಂತಿದ್ದರಂತೆ. ಅಂದಿನಿಂದ ನಾನು ಯಾವ ಇಳಿಜಾರನ್ನೂ ಮೂರು ಸಲ ಅಳೆಯದೆ ನಂಬಿದವನಲ್ಲ.

ಇಂಥ ನನ್ನ ಬಳಿ ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಕಾರ್ಕಳದ ಲಾರೆನ್ಸ್ ಬಂದರು. ದುಬೈಯಲ್ಲಿ ಕೆಲಸ, ಎರಡು ತಿಂಗಳ ರಜೆ. ಅವರಿಗೆ ತೋಟದಲ್ಲಿ ಈಜುಕೊಳ ಬೇಕು. ನಾನು ಅಲ್ಲಿಯವರೆಗೆ ಈಜುಕೊಳವನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದೆ. ಮನೆಯ ಪಕ್ಕದಲ್ಲೇ ಕಟ್ಟಿದರೆ ನೀರನ್ನು ಮನೆಯ ಚರಂಡಿಗೇ ಸೇರಿಸಬಹುದು ಎಂದು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಅವರ ತಾಯಿ ಸೆವ್ರಿನ್ ಬಾಯಿ ಹೊರಗೆ ಬಂದರು.

"ಮನೆ ಹತ್ತಿರ ಆಗುದಿಲ್ಲ. ಚಡ್ಡಿ ಹಾಕಿಕೊಂಡು ಓಡಾಡುವವರನ್ನು ನೋಡಿಕೊಂಡು ನಾನು ತೇರ್ಸ ಹೇಳುವುದಾ? ಆಚೆ, ಕಣ್ಣಿಗೆ ಕಾಣದಷ್ಟು ದೂರ ಮಾಡಿ" ಎಂದರು. ಸಂಜೆಯ ಪ್ರಾರ್ಥನೆಗೆ ಅಡ್ಡಬರಲು ಲಾರೆನ್ಸರಿಗೂ ಧೈರ್ಯವಿರಲಿಲ್ಲ.

ಹೀಗೆ ಕೊಳ ತೋಟದ ಕೆಳತುದಿಗೆ, ಗೇರು ಮರಗಳಾಚೆಗೆ ಹೋಯಿತು. ಅಲ್ಲಿಂದ ಮನೆ ಎಷ್ಟು ದೂರವೆಂದರೆ ಕೂಗಿದರೆ ನಾಯಿ ಮಾತ್ರ ಬರುತ್ತಿತ್ತು. ಮನೆಯ ಚರಂಡಿ ಮೇಲೆ, ಕೊಳದ ತಳ ಕೆಳಗೆ, ನೀರು ಹತ್ತುವುದಿಲ್ಲ. ಇನ್ನೂ ಕೆಳಗೆ ಬೇಲಿಯಾಚೆ ಕಲ್ಯಾಣಿಯಕ್ಕನ ಮನೆ, ಅಂಗಳದಲ್ಲಿ ಅವರ ಬಾವಿ. ಆ ಬಾವಿಯನ್ನು ಕಂಡ ಕೂಡಲೇ ಅಳತೆಯ ಟೇಪು ಬಿಚ್ಚಿದೆ. ಹದಿನೈದು ದಿನಕ್ಕೊಮ್ಮೆ ಬ್ಲೀಚಿಂಗ್ ಪುಡಿ ಕಲಸಿದ ಕೊಳದಷ್ಟು ನೀರನ್ನು ಖಾಲಿ ಮಾಡಬೇಕು. ಅದು ಎಲ್ಲಿಗೆ?

ಕಲ್ಯಾಣಿಯಕ್ಕನೂ ಅದನ್ನೇ ಕೇಳಿದರು. ಒಬ್ಬರೇ ನಾಲ್ಕು ಹಸು ಕಟ್ಟಿಕೊಂಡಿದ್ದ, ಸ್ವರ ಏರಿಸದೆ ಮಾತಾಡುವ ಹೆಂಗಸು. "ಎಂತ ಓವರ್‌ಸಿಯರ್ರೇ, ಅವರು ಮಿಂದ ನೀರು ನಮಗೆ ಕುಡಿಯಲಿಕ್ಕಾ?"

"ಛೆ ಛೆ, ಇಂಗುಗುಂಡಿ ಮಾಡ್ತೇವೆ. ಅಲ್ಲೇ ಭೂಮಿಗೆ ಹೋಗ್ತದೆ" ಎಂದೆ.

"ಭೂಮಿಗೆ ಹೋದದ್ದು ಮತ್ತೆ ಎಲ್ಲಿಗೆ ಹೋಗ್ತದೆ?"

ಅಲ್ಲಿನದು ಮುರಕಲ್ಲಿನ ನೆಲ; ಒಳಗೆ ಜೇನುಗೂಡಿನ ಹಾಗೆ ತೂತುಗಳು. ನೀರು ಯಾವ ತೂತಿನಿಂದ ಹೊಕ್ಕು ಎಲ್ಲಿ ತಲೆ ಎತ್ತುತ್ತದೆಂದು ಹೇಳಲು ಬರುವುದಿಲ್ಲ. ಇನ್ನೊಂದು ದಾರಿ ಇತ್ತು: ಬಾವಿಯಿಂದ ದೂರ, ಬಂಡೆ ಒಡೆದು, ತೋಟದ ಅಂಚಿನಲ್ಲೇ ಪೈಪು ಹೂತು, ಮಳೆನೀರು ಹರಿಯುವ, ಯಾರೂ ಕುಡಿಯದ ತೋಡಿನ ಹಳ್ಳಕ್ಕೆ ಸೇರಿಸುವುದು. ಅದಕ್ಕೆ ಆರು ಗೇರು ಮರಗಳು ಹೋಗಬೇಕು. ಲಾರೆನ್ಸ್ ಕೇಳಿದೊಡನೆ, "ಗುಂಡಿ ಸಾಕು ಮಾರಾಯ್ರೆ, ನೀವು ಸುಮ್ಮನೆ ಹೆದರ್ತೀರಿ" ಎಂದುಬಿಟ್ಟರು. ನಿಜ ಹೇಳಬೇಕೆಂದರೆ ನನಗೂ ಬಂಡೆಗಿಂತ ಗುಂಡಿಯೇ ಹಿತವಾಗಿ ಕಂಡಿತ್ತು.

ಆದರೂ ಬಾವಿ ಕಣ್ಣೆದುರು ಬರುತ್ತಿತ್ತು. ಕೊನೆಗೆ ಒಂದು ಪರೀಕ್ಷೆ ಹೂಡಿದೆ. ಗುಂಡಿ ತೋಡಿಸಿ, ಪಂಪಿನಲ್ಲಿ ನೀರು ತುಂಬಿಸಿ, ಅದಕ್ಕೆ ಪೊಟ್ಯಾಷಿಯಂ ಪರ್ಮಾಂಗನೇಟ್ ಹರಳುಗಳನ್ನು ಸುರಿದೆ. ಊರಲ್ಲಿ ಬಾವಿ ಶುದ್ಧ ಮಾಡಲು ಹಾಕುವ ಕೆಂಪು ಮದ್ದು ಅದೇ. ಗುಂಡಿಯ ನೀರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಬಾವಿಯಲ್ಲಿ ಬಣ್ಣ ಕಾಣದಿದ್ದರೆ ಗೆದ್ದೆ ಎಂದು ಲೆಕ್ಕ. ಹೆದರಿಸಬಾರದೆಂದು ಕಲ್ಯಾಣಿಯಕ್ಕನಿಗೆ ಹೇಳಲಿಲ್ಲ.

ಮರುದಿನ ಉಡುಪಿಯಿಂದ ಮೊದಲ ಬಸ್ಸಿಗೆ ಹೋಗಿ, ಬಾಯಾರಿಕೆಯ ನೆಪ ಹೇಳಿ ಅವರ ಬಾವಿ ಇಣುಕಿದೆ. ನೀರು ತಿಳಿಯಾಗಿತ್ತು. ಎರಡನೆಯ ದಿನವೂ ತಿಳಿ. ಒಂದು ಚೊಂಬು ಕುಡಿದೂ ಬಂದೆ. ಮೂರನೆಯ ದಿನ ಕಲ್ಯಾಣಿಯಕ್ಕ ಸೇದಿದ ಕೊಡದಿಂದ ಸ್ಟೀಲಿನ ಲೋಟಕ್ಕೆ ಬಗ್ಗಿಸಿ ಕೊಟ್ಟರು. ಲೋಟದೊಳಗಿನ ನೀರು ದಾಸವಾಳ ಅದ್ದಿ ತೆಗೆದ ಹಾಗೆ ತೆಳುಗೆಂಪಾಗಿತ್ತು.

ನೀರೆಲ್ಲ ಅಂಗಿಯ ಮೇಲೆ ಚೆಲ್ಲಿಕೊಂಡೆ. ನಾಲ್ಕು ಹಸು, ಒಬ್ಬ ಹೆಂಗಸು, ಇರುವುದೊಂದೇ ಬಾವಿ. ಎಲ್ಲ ನನ್ನಿಂದ ಹಾಳಾಯಿತು ಎನಿಸಿತು. ಅಂಗಳದಲ್ಲೇ ಎಲ್ಲವನ್ನೂ ಒಪ್ಪಿಕೊಂಡೆ. ಗುಂಡಿ, ಮದ್ದು, ಮುಚ್ಚಿಟ್ಟದ್ದು, ಬಂಡೆ ಒಡೆಸಲು ತೋರಿದ ಸೋಮಾರಿತನ, ಯಾರೂ ಕೇಳದ ಜವಳಿ ಅಂಗಡಿಯ ಕಥೆ ಕೂಡ. ಅವರು ಪೂರ್ತಿ ಕೇಳಿಸಿಕೊಂಡು, "ಹಾಗಾದರೆ ಇನ್ನೆಂತ ಮಾಡ್ತೀರಿ?" ಎಂದಷ್ಟೇ ಕೇಳಿದರು.

ನಾನು ಓಡುತ್ತಲೇ ಹೋಗಿ ಲಾರೆನ್ಸರನ್ನು ಎಬ್ಬಿಸಿದೆ. ಜೀವನದಲ್ಲಿ ಮೊದಲ ಬಾರಿ ಮನೆಯ ಯಜಮಾನನ ಎದುರು ಸ್ವರ ಏರಿಸಿದೆ. "ಕಲ್ಯಾಣಿಯಕ್ಕನ ಬಾವಿ ಕೆಂಪಾಗಿದೆ! ತೋಡಿನವರೆಗೆ ಪೈಪು ಹಾಕದಿದ್ದರೆ ಕೊಳವೂ ಬೇಡ, ನಾನೂ ಬೇಡ!" ಲಾರೆನ್ಸ್ ಕಣ್ಣುಜ್ಜಿಕೊಳ್ಳುತ್ತಿದ್ದಾಗ ಒಳಗಿನಿಂದ ಸೆವ್ರಿನ್ ಬಾಯಿಯ ಸ್ವರ ಬಂತು: "ಗೇರು ಮರ ಮತ್ತೆ ಬೆಳೆಯುತ್ತದೆ. ಅವಳ ಬಾವಿ ಹಾಳು ಮಾಡಿ ನಾನು ಇಗರ್ಜಿಯಲ್ಲಿ ದೇವರ ಮುಂದೆ ಯಾವ ಮುಖ ಹಿಡಿದು ನಿಲ್ಲಲಿ?"

ಗುಂಡಿ ಮುಚ್ಚಿತು. ಬಂಡೆ ಒಡೆಯಿತು. ರಜೆ ಮುಗಿಯಲು ಎಂಟು ದಿನ ಇರುವಾಗ ಕೊಳ ತುಂಬಿತು. ಲಾರೆನ್ಸ್ ಮನಸ್ಸು ತುಂಬುವಷ್ಟು ಈಜಿದ ಮೇಲೆ, ಬಿರಡೆ ಎಳೆಯುವ ಮರ್ಯಾದೆಯನ್ನು ನನಗೇ ಬಿಟ್ಟರು. ಎಳೆದೆ, ಎಳೆದವನೇ ಬೇಲಿಯಂಚಿನಲ್ಲಿ ಪೈಪಿನ ಜೊತೆ ಓಡಿದೆ. ನೀರು ಭೋರೆಂದು ತೋಡಿಗೆ ಬೀಳುವುದನ್ನು ಕಂಡು ನನಗೆ ಕಣ್ಣೀರೇ ಬಂತು.

ಕಲ್ಯಾಣಿಯಕ್ಕನೂ ತೋಡಿನ ಬದಿಗೆ ಬಂದು ನಿಂತಿದ್ದರು. "ಒಳ್ಳೆ ಕೆಲಸ ಆಯಿತು" ಎಂದವರು ಮೆಲ್ಲಗೆ ಸೇರಿಸಿದರು: "ಆ ದಿನ ಬಾವಿ ಕೆಂಪಾದದ್ದು ನಿಮ್ಮ ಮದ್ದಿನಿಂದ ಅಲ್ಲ. ಹಿಂದಿನ ದಿನ ಸಂಜೆ ಆರೋಗ್ಯ ಇಲಾಖೆಯ ಹೆಂಗಸು ಬಂದು ಹಾಕಿ ಹೋದದ್ದು. ನಿಮಗೆ ಹೇಳುವ ಅಂತಲೇ ಇದ್ದೆ, ಅಷ್ಟರಲ್ಲಿ ನೀವೇ ಶುರು ಮಾಡಿದ್ರಿ."

"ಆಗಲೇ ಹೇಳಬಾರದಿತ್ತಾ ಅಕ್ಕಾ? ಆರು ಗೇರು ಮರ ಹೋಯಿತಲ್ಲ!"

"ಹೇಳಿದ್ದರೆ ನೀವು ಈ ಪೈಪು ಹಾಕಿಸ್ತಿದ್ದಿರಾ?"

ನಾನು ತೋಡಿನ ನೀರನ್ನೇ ಬಹಳ ಆಸಕ್ತಿಯಿಂದ ನೋಡತೊಡಗಿದೆ. ಆ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.