ಕಾಡುಬೆಕ್ಕಿಗೂ ಬಗ್ಗದ ಚಿಲಕ

ಕೋಳಿ ಸಾಕುವ ಮನೆಯಲ್ಲಿ ಗಂಡಸಿನ ಮರ್ಯಾದೆ ಬಹಳ ದಿನ ಉಳಿಯುವುದಿಲ್ಲ. ಟೀ ಫ್ಯಾಕ್ಟರಿಯ ಯಂತ್ರಗಳ ಮಧ್ಯೆ ಮೂವತ್ತು ವರ್ಷ ದುಡಿದು ನಾನು ಗಳಿಸಿದ್ದನ್ನು, ತುಮ್ಮನಟ್ಟಿಯ ನಮ್ಮ ಹಿತ್ತಲಿನ ಏಳು ಕೋಳಿಗಳು ಒಂದೇ ವರ್ಷದಲ್ಲಿ ಕೆದರಿ ಹಾಕಿದವು.

೧. ಗೃಹಪ್ರವೇಶ

ನಮ್ಮ ಕೋಳಿಗಳು ಮೊದಲಿನಿಂದಲೂ ಸೌದೆ ಕೊಟ್ಟಿಗೆಯಲ್ಲಿ, ಹೆಂಡತಿ ಕವುಚಿ ಹಾಕುವ ಬಿದಿರು ಬುಟ್ಟಿಯ ಕೆಳಗೆ ಮಲಗುತ್ತಿದ್ದವು. ರಿಟೈರ್ ಆದ ಮೇಲೆ ನನಗದು ಅವಮಾನವಾಗಿ ಕಂಡಿತು. ತಗಡು, ಹಲಗೆ, ಬೆರಳೂ ತೂರದಂಥ ತಂತಿಬಲೆ ತಂದು, ಒಳಗೆ ನಿಂತು ಗುಡಿಸುವಷ್ಟು ಎತ್ತರದ ಗೂಡು ಕಟ್ಟಿದೆ. ಬಾಗಿಲು ಮುಚ್ಚಿದರೆ ಹೊರಗಿನ ಚಿಲಕ ತಾನೇ ಬೀಳುತ್ತದೆ. ಒಳಗಿನಿಂದ ತೆರೆಯಬೇಕಾದರೆ, ಮೊಳೆಗೆ ತೂಗುಹಾಕಿದ ಕಬ್ಬಿಣದ ಕಂಬಿಯನ್ನು ಬಾಗಿಲಿನ ತೂತಿನಲ್ಲಿ ತೂರಿಸಿ ಚಿಲಕ ಎತ್ತಬೇಕು.

"ಕಾಡುಬೆಕ್ಕಿನ ಅಪ್ಪ ಬಂದರೂ ತೆಗೆಯೋಕಾಗಲ್ಲ" ಎಂದೆ.

"ಬೇಸಿಗೆ ತನಕ ನೋಡ್ತೀನಿ. ಏನಾದರೂ ಎಡವಟ್ಟಾದರೆ ಮತ್ತೆ ಬುಟ್ಟಿಯೇ. ತಗಡು ನನ್ನ ಸೌದೆಗೆ" ಎಂದಳು ಹೆಂಡತಿ.

ಸಂಜೆ ಏಳೂ ಕೋಳಿಗಳು ಹೊಸ ಗೂಡನ್ನು ದಾಟಿ ಹೋಗಿ ಬುಟ್ಟಿಗಾಗಿ ಕಾದು ಕೂತವು. ಹತ್ತು ದಿನ ಒಂದೊಂದನ್ನೇ ಕಂಕುಳಲ್ಲಿಟ್ಟು ತಂದೆ. ಬೇಲಿಯಾಚೆಯಿಂದ ಪಕ್ಕದ ಮನೆಯವಳು, "ರಿಟೈರ್ ಆದರೂ ಲೋಡಿಂಗ್ ಕೆಲಸ ಸಿಕ್ತಲ್ಲ ಅಣ್ಣಾ" ಎಂದಳು.

೨. ಚಳಿಗೆ ಉಪಾಯ

ಜನವರಿಯಲ್ಲಿ ಹುಲ್ಲಿನ ಮೇಲೆ ಹಿಮ ಬಿದ್ದಾಗ ಗೂಡಿನ ನಾಲ್ಕೂ ಕಡೆ ಪ್ಲಾಸ್ಟಿಕ್ ಹೊದಿಸಿ, ಗಾಳಿ ಆಡದಂತೆ ಬಿಗಿದೆ. ಬೆಳಿಗ್ಗೆ ಬಾಗಿಲು ತೆರೆದಾಗ ಹಿಕ್ಕೆಯ ಘಾಟು ಎಷ್ಟಿತ್ತೆಂದರೆ, ನನ್ನ ಮದುವೆಯಲ್ಲೂ ನಾನು ಅಷ್ಟು ಅತ್ತಿರಲಿಲ್ಲ. ಕೋಳಿಗಳು ಮೆಣಸಿನಕಾಯಿ ಹುರಿದ ಅಡುಗೆಮನೆಯಿಂದ ಓಡಿಬಂದ ನೆಂಟರಂತೆ ಹೊರಬಿದ್ದವು.

"ಅವು ಗರಿ ಹೊದ್ದುಕೊಂಡೇ ಇರ್ತವೆ. ಸ್ವೆಟರ್ ಬೇಕಾದ್ದು ನಿಮಗೆ" ಎಂದು ಹೆಂಡತಿ ಪ್ಲಾಸ್ಟಿಕ್ ಕಿತ್ತು ಹಾಕಿದಳು.

೩. ಗುಡುಗಿಗೆ ಮದ್ದು

ಏಪ್ರಿಲ್‌ನಲ್ಲಿ ಕರಿಕೋಳಿ ಗೂಡಿನ ಮೂಲೆಯಲ್ಲಿ ಕಾವಿಗೆ ಕೂತಿತು. ಹೆಂಡತಿ ಹನ್ನೊಂದು ಮೊಟ್ಟೆ ಇಟ್ಟು, "ಗುಡುಗಿಗೆ ಮೊಟ್ಟೆ ಕೆಡ್ತದೆ, ಪಕ್ಕದಲ್ಲಿ ಕಬ್ಬಿಣ ಇಡಬೇಕು" ಎಂದಳು. ನಾನು ಮೂಢನಂಬಿಕೆಯ ಬಗ್ಗೆ ಅರ್ಧ ಗಂಟೆ ಭಾಷಣ ಮಾಡಿದೆ. ಎಲ್ಲ ಕೇಳಿ "ಸರಿ" ಎಂದಳು. ಅವಳ "ಸರಿ"ಯನ್ನು ಒಪ್ಪಿಗೆ ಅಂದುಕೊಳ್ಳುವ ಚಾಳಿ ನನಗೆ ಇನ್ನೂ ಹೋಗಿಲ್ಲ.

೪. ತಪಾಸಣೆ

ಮರುದಿನ ಗೂಡು ಗುಡಿಸಲು ಒಳಗೆ ಹೋಗಿ ಬಾಗಿಲು ಎಳೆದುಕೊಂಡೆ. ಚಿಲಕ ಟಕ್ಕೆಂದು ಬಿತ್ತು. ಕೆಲಸ ಮುಗಿಸಿ ಕೈ ಚಾಚಿದರೆ ಮೊಳೆ ಇದೆ, ಕಂಬಿ ಇಲ್ಲ.

ಹೆಂಡತಿ ಕೆಳಗಿನ ತೋಟದಲ್ಲಿ ಟೀ ಎಲೆ ಕೀಳುತ್ತಿದ್ದಳು. ಎಲೆ ಲಾರಿ ಬರುವ ಹೊತ್ತಿಗೆ ಮೂಟೆಯನ್ನು ರಸ್ತೆಗೆ ಹೊರುವುದು ನನ್ನ ಕೆಲಸ. ಕೂಗಬಹುದಿತ್ತು. ಕೂಗಿದರೆ ಗೂಡು ಹೋಯಿತು, ಬುಟ್ಟಿ ಬಂತು. ಸುಮ್ಮನೆ ಕೂತೆ.

ಪಕ್ಕದ ಮನೆಯವಳು ಇಣುಕಿದಳು. "ಅಣ್ಣಾ, ಒಳಗೇನು ಮಾಡ್ತೀರಿ?"

"ತಪಾಸಣೆ."

"ಬಾಗಿಲು ಹಾಕ್ಕೊಂಡಾ?"

"ಕಾವಿಗೆ ಕೂತಿದೆ, ಗಾಬರಿ ಆಗಬಾರದು."

ಅವಳು ತಲೆಯಾಡಿಸಿ ಹೋದಳು. ನನ್ನನ್ನು ಬಿಡಿಸಬಹುದಾಗಿದ್ದ ಒಬ್ಬಳೇ ಒಬ್ಬಳನ್ನು ನಾನೇ ಕಳಿಸಿಕೊಟ್ಟೆ. ಕಡ್ಡಿ ಹಾಕಿದೆ, ಪೊರಕೆಯ ಹಿಡಿ ಹಾಕಿದೆ, ಚಿಲಕ ಅಲುಗಲಿಲ್ಲ. ಅಷ್ಟು ಚೆನ್ನಾಗಿ ಮಾಡಿದ್ದೆ. ಮೂಲೆಯ ಹತ್ತಿರ ಸರಿದಾಗಲೆಲ್ಲ ಕರಿಕೋಳಿ ನನ್ನ ಕೈ ಕುಕ್ಕಿತು.

ಲಾರಿ ಹಾರ್ನ್ ಹೊಡೆಯಿತು. ಹೆಂಡತಿ ಮೂಟೆಯನ್ನು ತಾನೇ ಹೊತ್ತು ಹೋಗಿ ಕೊಟ್ಟು, ಬಂದು ಬಲೆಯಾಚೆ ನಿಂತಳು.

"ಕಂಬಿ ಯಾರೋ ಕದ್ದಿದ್ದಾರೆ" ಎಂದೆ.

"ಯಾರು ಕದೀತಾರೆ? ಮೊಟ್ಟೆ ಪಕ್ಕ ಇಡೋಕೆ ನಾನೇ ತೆಗೆದೆ. ಕರಿಕೋಳಿ ಕೆಳಗಿದೆ."

ಮೂರು ಗಂಟೆ ನಾನು ಅದರಿಂದ ಒಂದು ಮೊಳ ದೂರದಲ್ಲಿದ್ದೆ. ಕೈ ಹಾಕಲು ಹೋದರೆ, "ಮುಟ್ಟಬೇಡಿ, ಮೋಡ ಕಟ್ಟಿದೆ" ಎಂದು ಗದರಿ, ಹೊರಗಿನಿಂದ ಒಂದೇ ಬೆರಳಲ್ಲಿ ಚಿಲಕ ಎತ್ತಿದಳು.

ಆ ವಾರ ಚೆನ್ನಾಗಿ ಗುಡುಗಿತು. ಮೂರು ವಾರಕ್ಕೆ ಹನ್ನೊಂದೂ ಮೊಟ್ಟೆ ಮರಿಯಾದವು. ಮರಿಗಳು ಹೊರಬಂದ ದಿನವೇ ಬುಟ್ಟಿಯೂ ಹೊರಬಂತು, ನನ್ನ ತಗಡು ಸೌದೆಯ ಮೇಲೆ ಹೋಯಿತು. ಪಕ್ಕದ ಮನೆಯವಳು ಮರಿ ಎಣಿಸಿ, "ಒಂದೂ ಕೆಟ್ಟಿಲ್ಲವಲ್ಲ ಅಕ್ಕಾ" ಎಂದು ಬೆರಗಾದಳು.

"ಕಬ್ಬಿಣದ ಗುಣ" ಎಂದಳು ಹೆಂಡತಿ. "ಜೊತೆಗೆ ಇವರೂ ಮೂರು ಗಂಟೆ ಕಾವಿಗೆ ಕೂತಿದ್ದರಲ್ಲ."