ಇನ್ನೂರ ಹನ್ನೆರಡನೆಯ ಮರ

ಅಂಕಿಗಳನ್ನು ನಂಬುವವರು ಮನುಷ್ಯರನ್ನು ಕೇಳುವುದು ಕಡಿಮೆ. ಇದು ಜಂಬದ ಮಾತಲ್ಲ, ತಪ್ಪೊಪ್ಪಿಗೆ. ನಾನು ಬೆಳೆದದ್ದು ಮುನಿರಾಬಾದಿನ ಅಣೆಕಟ್ಟಿನ ಕಾಲೊನಿಯಲ್ಲಿ. ಅಲ್ಲಿ ಮನೆಗೆ ನಂಬರು, ಮನೆಯೊಳಗಿನ ಸರ್ಕಾರಿ ಕುರ್ಚಿಗೆ ನಂಬರು, ಕಾಲುವೆಯ ತೂಬಿಗೂ ನಂಬರು. ಮುಂದೆ ಓದಿದ್ದೂ ಸಂಖ್ಯಾಶಾಸ್ತ್ರವೇ. ಹೀಗಾಗಿ ಗೊತ್ತಿಲ್ಲದ ಊರಿನಲ್ಲಿ ದಾರಿ ಕೇಳುವ ಪ್ರಸಂಗ ಬಂದರೆ, ಎದುರಿಗೆ ನಿಂತವರನ್ನು ಬಿಟ್ಟು, ಸುತ್ತಮುತ್ತ ಎಲ್ಲಾದರೂ ಅಂಕಿ ಬರೆದಿದೆಯೇ ಎಂದು ನೋಡುವುದು ನನ್ನ ರೂಢಿ. ಈ ರೂಢಿಯಿಂದಾಗಿ ಮೊನ್ನೆ ಒಬ್ಬ ಗೆಳತಿಯನ್ನೇ ಕಳೆದುಕೊಳ್ಳುವುದರಲ್ಲಿದ್ದೆ.

ಗೆಳತಿಯರು ಇಬ್ಬರು: ಬೇವೂರಿನ ಸುನಂದಾ, ಗಂಗಾವತಿಯ ರೆಹಾನಾ. ಹಾಸ್ಟೆಲ್ಲಿನಲ್ಲಿ ಮೂವರೂ ಒಂದೇ ಕೋಣೆಯಲ್ಲಿದ್ದವರು. ಸುನಂದಾಳ ಊರಾಚೆಯ ಗುಡ್ಡದ ಇಳಿಜಾರಿನಲ್ಲಿ ಒಂದು ನೀಲಗಿರಿ ಕಾಡಿದೆ. ಸೈಕಲ್ ಮೇಲೆ ಅದನ್ನು ಸುತ್ತಿ ಬರೋಣವೆಂದು ಒಂದು ರವಿವಾರ ಅವಳ ಮನೆಯಲ್ಲಿ ಸೇರಿದೆವು. ಸೈಕಲ್ಲುಗಳು ಅವಳ ತಮ್ಮ ತಂಗಿಯರಿಗೆ ಸಾಲಿಯಲ್ಲಿ ಕೊಟ್ಟವು. ನನ್ನ ಪಾಲಿಗೆ ಬಂದದ್ದು ಬ್ರೇಕು ಹಿಡಿದರೆ ಗಂಟೆಯಂತೆ ಸದ್ದು ಮಾಡುತ್ತಿತ್ತು, ಗಂಟೆ ಒತ್ತಿದರೆ ಸದ್ದೇ ಇಲ್ಲ. ಕಾಡು ಎಂದಾಕ್ಷಣ ದಟ್ಟ ನೆರಳು, ಹಕ್ಕಿಗಳ ಹಾಡು ಎಂದುಕೊಳ್ಳಬೇಡಿ. ಇದು ದುಡಿಯುವ ಕಾಡು. ಮರಗಳು ಸಾಲಿಯ ಪ್ರಾರ್ಥನೆಗೆ ನಿಂತ ಹಾಗೆ ಸಾಲಾಗಿ ನಿಂತಿದ್ದವು. ಕಡಿಸಿಕೊಳ್ಳುವ ಸರದಿ ಬಂದವುಗಳ ಎದೆಯ ಮೇಲೆ ಬಿಳಿ ಬಣ್ಣದ ನಂಬರು. ಒಂದು ಕಡೆ ಗರಗಸದ ಯಂತ್ರದ ಸದ್ದು, ಇನ್ನೊಂದು ಕಡೆ ತೊಗಟೆ ಸುಲಿಯುವ ಹೆಂಗಸರ ಮಾತು, ಗಾಳಿಯ ತುಂಬ ನೆಗಡಿಗೆ ಹಚ್ಚುವ ಎಣ್ಣೆಯ ವಾಸನೆ. ನಂಬರು ಕಂಡದ್ದೇ ನನಗೆ ನಮ್ಮ ಕಾಲೊನಿಗೆ ಬಂದಷ್ಟು ಸಮಾಧಾನವಾಯಿತು.

ಒಂದು ತಾಸು ಸುತ್ತಿರಬೇಕು. ರೆಹಾನಾಳ ಹಿಂದಿನ ಗಾಲಿಗೆ ಜಾಲಿ ಮುಳ್ಳು ಚುಚ್ಚಿ ಗಾಳಿ ಹೋಯಿತು. ಅವಳು ಅಲ್ಲೇ ಒಂದು ಮರದ ಬುಡಕ್ಕೆ ಕುಳಿತು, ‘ನಾ ಇನ್ನ ಒಂದ್ ಹೆಜ್ಜಿ ಇಡಂಗಿಲ್ಲ. ನೀವು ಏನರ ಮಾಡ್ಕೋರಿ’ ಎಂದಳು. ಪಂಕ್ಚರಿನ ಸಾಮಾನು ತರಲು ಊರಿಗೇ ಹೋಗಬೇಕು. ಸುನಂದಾ ಒಬ್ಬಳೇ ಹೋಗಿ ಬರಬಹುದಿತ್ತು. ‘ಗುರುತಿಗೆ ಆ ಹುತ್ತ ಐತಲ್ಲ, ಸಾಕು’ ಎಂದು ಸೈಕಲ್ ಹತ್ತಿಯೂ ಆಗಿತ್ತು. ನನಗೆ ತಡೆಯಲಿಲ್ಲ. ‘ಹುತ್ತ ನೂರು ಇರ್ತಾವು. ಮರದ ನಂಬರ್ ಒಂದೇ ಇರ್ತೈತಿ’ ಎಂದು ತಿದ್ದಿ, ಇನ್ನೂರ ಹನ್ನೆರಡು ಎಂದು ಪುಸ್ತಕದಲ್ಲಿ ಬರೆದುಕೊಂಡು, ನಾನೂ ಹೊರಟೆ. ‘ಯಾರು ಏನಂದ್ರೂ ಈ ಮರ ಬಿಟ್ಟು ಕದಲಬ್ಯಾಡ’ ಎಂದು ರೆಹಾನಾಳಿಗೆ ಹೇಳಿದೆ. ‘ಆತ್ರಿ ಟೀಚರ್’ ಎಂದಳು. ಅವಳ ಮೊಬೈಲು ನನ್ನ ಚೀಲದಲ್ಲಿತ್ತು. ಸೈಕಲ್ ಹೊಡೆಯುವಾಗ ಬೀಳಿಸಿಕೊಂಡಾಳು ಎಂದು ಬೆಳಿಗ್ಗೆ ನಾನೇ ಇಸಿದುಕೊಂಡಿದ್ದೆ.

ಒಂದೂವರೆ ತಾಸಿನ ನಂತರ ಸಾಮಾನು ತೆಗೆದುಕೊಂಡು ಬಂದೆವು. ನಾನು ಮುಂದೆ, ಸುನಂದಾ ಹಿಂದೆ. ಇನ್ನೂರ ಹತ್ತು, ಹನ್ನೊಂದು, ಹನ್ನೆರಡು. ಮರ ಇತ್ತು. ರೆಹಾನಾ ಇರಲಿಲ್ಲ. ಸೈಕಲ್ಲೂ ಇರಲಿಲ್ಲ. ಸುನಂದಾ ಆಚೀಚೆ ನೋಡಿ, ‘ಇಲ್ಲಿ ಹುತ್ತ ಇಲ್ಲಲ್ಲ’ ಎಂದಳು. ‘ನಂಬರ್ ಐತಲ್ಲ’ ಎಂದೆ. ಆಗ ಅವಳು, ಮೊದಲೇ ಹೇಳಬಹುದಾಗಿದ್ದ ಒಂದು ಸಂಗತಿಯನ್ನು ಸಾವಕಾಶವಾಗಿ ಹೇಳಿದಳು: ‘ಈ ಗುಡ್ಡದಾಗ ಕರಡಿ ಅದಾವ. ಹಗಲಿ ಬರಂಗಿಲ್ಲ ಅಂತಾರಪಾ.’ ‘ಅಂತಾರ’ ಎಂಬುದು ಅಂಕಿಯಲ್ಲ. ಮುಂದಿನ ಸ್ವಲ್ಪ ಹೊತ್ತು ನಾನು ಏನು ಮಾಡಿದೆನೋ ಸರಿಯಾಗಿ ನೆನಪಿಲ್ಲ. ನೆನಪಿರುವುದು ಇಷ್ಟೇ: ಗಂಗಾವತಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತಿರುವ ರೆಹಾನಾಳ ಅಮ್ಮನಿಗೆ ಏನು ಹೇಳುವುದು ಎಂದು ಯೋಚಿಸಿ, ಮೊದಲ ವಾಕ್ಯವೇ ಸಿಗದೆ ನಿಂತಿದ್ದೆ.

ಕೊಡ ಹೊತ್ತು ಬಂದ ತೊಗಟೆ ಸುಲಿಯುವ ಹೆಂಗಸೊಬ್ಬಳು ನಮ್ಮನ್ನು ಕಂಡು ನಿಂತಳು. ಈ ಸಲ ನಾನೇ ಕೇಳಿದೆ. ‘ಎರಡನೂರಾ ಹನ್ನೆರಡು ಅಂದ್ರ ಯಾವ ಪ್ಲಾಟಿಂದು?’ ಎಂದಳು. ‘ಪ್ಲಾಟ್ ಬ್ಯಾರೆ ಆತಂದ್ರ ನಂಬರ್ ಮತ್ತ ಒಂದರಿಂದ ಸುರು ಆಕ್ಕಾವು, ಯವ್ವಾ. ಆಚಿ ಪ್ಲಾಟಿನಾಗ ಯಾವಾಕಿನೋ ಒಬ್ಬಾಕಿ ಮರ ಹಿಡದು ಕುಂತಾಳ, ಏಳವಲ್ಲಳು. ಆಕಿ ನಿಮ್ಮಾಕಿ ಏನು ಮತ್ತ?’

ಗುಡ್ಡದ ಮಗ್ಗಲು ಬಳಸಿ ಹೋದರೆ, ನಾವು ಬಿಟ್ಟು ಹೋದ ಕಾಡೇ ಅಲ್ಲಿರಲಿಲ್ಲ. ಒಂದು ಗದ್ದೆಯಷ್ಟು ಜಾಗ ಬರೀ ಕಡಿದ ಮರಗಳ ಬೊಡ್ಡೆಗಳು. ನಡುವೆ ಒಂದೇ ಒಂದು ಮರ, ಅದರ ಬುಡದಲ್ಲಿ ಸೈಕಲ್ಲು, ಹುತ್ತ, ಮತ್ತು ಕೂಲಿಯವರು ಕೊಟ್ಟ ರೊಟ್ಟಿಯನ್ನು ಮುಗಿಸಿ ಬೆರಳು ಚೀಪುತ್ತಿದ್ದ ರೆಹಾನಾ. ಮರ ಕಡಿಯುವವರ ಮೇಸ್ತ್ರಿ ತಲೆಯ ಟವೆಲು ತೆಗೆದು ಎದ್ದು ಬಂದ. ‘ಅಕ್ಕಾರ, ನೀವರ ಹೇಳ್ರಿ. ಸುತ್ತಲಿನವು ಎಲ್ಲಾ ಆ ಕಡಿ ಕೆಡವಿದ್ವಿ. ಇದೊಂದು ಉಳದೈತಿ. ಕೇಳಿದ್ರ, ನಮ್ಮ ಟೀಚರ್ ಕದಲಬ್ಯಾಡ ಅಂದಾರ ಅಂತಾರ.’

ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು. ನಾಲ್ಕು ಜನರ ಮುಂದೆ ಅದೆಲ್ಲ ನನ್ನಿಂದಾಗುವುದಿಲ್ಲ. ಎದೆಯ ಮೇಲಿನ ಭಾರ ಇಳಿದ ಸದ್ದು ಯಾರಿಗೂ ಕೇಳದಿರಲೆಂದು ಸೈಕಲ್ಲಿನ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತೆ. ‘ಪಂಕ್ಚರಿಗೆ ಹಚ್ಚೋ ಸಲ್ಯೂಷನ್ ಸಿಕ್ತು’ ಎಂದೆ.

‘ಹೆದರಿದ್ಯೇನ?’ ಎಂದಳು ರೆಹಾನಾ.

‘ಇಲ್ಲ.’

ಮೇಸ್ತ್ರಿ ನನ್ನನ್ನೇ ನೋಡುತ್ತಿದ್ದ. ‘ಅಲ್ರೀ ಅಕ್ಕಾರ, ಈಗ ಗುಡ್ಡದ ಆಚಿ ಕೂಗಿದಾವ್ರು ನೀವೇ ಏನ್ರಿ? ಯಂತ್ರ ಬಂದ್ ಮಾಡಿ ಕೇಳಿದ್ವಿ. ಯಾರವೋ ಕುರಿ ತಪ್ಪಿಸ್ಕೊಂಡಾವು ಅಂದ್ಕೊಂಡ್ವಿ.’

‘ನಾನೂ ಹಂಗ ಅಂದ್ಕೊಂಡೆ’ ಎಂದಳು ರೆಹಾನಾ. ‘ಪಾಪ, ಕುರಿಯಾಂವ ಅಳಾಕತ್ತಾನಲ್ಲ ಅಂದೆ.’

ಸುನಂದಾ ಆ ಕಡೆ ತಿರುಗಿದಳು. ಅವಳ ಭುಜಗಳು ಕುಲುಕುತ್ತಿದ್ದವು. ನಾನು ಬಹಳ ಎಚ್ಚರದಿಂದ, ಟ್ಯೂಬಿನಲ್ಲಿ ತೂತು ಎಲ್ಲಿದೆ ಎಂದು ಹುಡುಕತೊಡಗಿದೆ. ಟ್ಯೂಬು ಇನ್ನೂ ಟೈರಿನ ಒಳಗೇ ಇತ್ತು.